ಹಿಡಿಯಕ್ಕಿಯ ಮೂರು ಚೀಲ

ಕಿಮಿ ಒಂಬತ್ತು ಕ್ರಿಸ್‌ಮಸ್ಸುಗಳನ್ನು ಮನೆಯವರಿಲ್ಲದೆ ಕಳೆದಳು. ಹತ್ತನೆಯದಕ್ಕೆ ಮನೆಯವರು ಬಂದರು. ಬರದೇ ಇದ್ದಿದ್ದರೆ ಒಳ್ಳೆಯದಿತ್ತು. ಹಬ್ಬದ ಬಗ್ಗೆ ಹೀಗೆಲ್ಲ ಬರೆಯಬಾರದು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ತಲೆಯಾಡಿಸಿ ನಮ್ಮ ಕತ್ತು ಸವೆದಿದೆ. ಇದೊಂದನ್ನು ಬರೆದೇ ಬಿಡುತ್ತೇನೆ.

ಕಿಮಿ, ಪೂರ್ತಿ ಹೆಸರು ಬಿಯಾಕ್‌ಕಿಮಿ, ನನ್ನ ಸೋದರತ್ತೆಯ ಮಗಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಮಿಜೋರಾಮಿನ ಐಜಾಲಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಮೂವತ್ತೊಂದು ಮೆಟ್ಟಿಲು. ಅವರು ಮೇಲೆ, ನಾವು ಕೆಳಗೆ. ಮೂವತ್ತಾರನೇ ವಯಸ್ಸಿನಲ್ಲಿ ಅವಳು ಸರ್ಕಾರಿ ಶಾಲೆಯ ಕೆಲಸ ಬಿಟ್ಟು ಸಭೆಯ, ಅಂದರೆ ನಮ್ಮ ಚರ್ಚಿನ, ಮಿಷನ್ ಸೇವೆಗೆ ಹೆಸರು ಕೊಟ್ಟಳು. ಸಭೆಯವರು ಅವಳನ್ನು ತ್ರಿಪುರದ ಗುಡ್ಡಗಳ ಕಡೆ ಹಾಚುಕ್‌ಪಾರಾ ಎಂಬ ರಿಯಾಂಗ್ ಜನರ ಊರಿಗೆ ಕಳಿಸಿದರು. ನಲವತ್ತು ಮನೆ, ಎಲ್ಲವೂ ಬಿದಿರಿನವು. ಶಾಲೆಯೂ ಬಿದಿರು, ಪ್ರಾರ್ಥನಾಮಂದಿರವೂ ಬಿದಿರು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ. ಒಂದನೇ ತರಗತಿಯವರು ಜೋರಾಗಿ ಓದಿದರೆ ನಾಲ್ಕನೆಯವರ ಲೆಕ್ಕ ತಪ್ಪುತ್ತದೆ.

ಹತ್ತು ವರ್ಷದಲ್ಲಿ ಅವಳಿಗೆ ಮೂರು ಸಲ ಮಲೇರಿಯಾ ಬಂತು. ಮುಂದಿನ ಒಂದು ಹಲ್ಲು ಹೋಯಿತು. ಗಂಡಸರ ರಬ್ಬರ್ ಬೂಟು ಹಾಕಿಕೊಂಡು, ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು, ಗಾಡಿ ಬಾರದ ಮಳೆಗಾಲದಲ್ಲಿ ಹೆರಿಗೆ ನೋವಿನ ಹೆಂಗಸರನ್ನು ಡೋಲಿಯಲ್ಲಿ ಹೊರಿಸಿ ರಸ್ತೆಯವರೆಗೆ ತಾನೂ ನಡೆಯುತ್ತಿದ್ದಳು. ಯಾಕೆ ಮದುವೆಯಾಗಲಿಲ್ಲ ಎಂದರೆ, "ಒಬ್ಬ ಕೇಳಿದ್ದ. ರಿಯಾಂಗ್ ಭಾಷೆ ಕಲೀತೀಯಾ ಅಂದೆ. ಓಡಿಹೋದ" ಅನ್ನುತ್ತಾಳೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಹಲ್ಲಿನ ಸಂದು ಕಾಣಬಾರದೆಂದು.

ಇವಳ ಸಂಬಳ ಎಲ್ಲಿಂದ ಬರುತ್ತದೆ? ಹಿಡಿಯಕ್ಕಿಯಿಂದ. ನಮ್ಮ ಮಿಜೋ ಮನೆಗಳಲ್ಲಿ ಒಲೆಯ ಪಕ್ಕ ಒಂದು ಡಬ್ಬಿ ಇರುತ್ತದೆ. ಪ್ರತಿ ಹೊತ್ತೂ ಅನ್ನಕ್ಕಿಡುವ ಮೊದಲು ಮನೆಯ ಹೆಂಗಸು ಅಳೆದ ಅಕ್ಕಿಯಿಂದಲೇ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕುತ್ತಾಳೆ. ವಾರಕ್ಕೊಮ್ಮೆ ಸಭೆಯ ಹೆಂಗಸರು ಬಂದು ಕೊಂಡೊಯ್ಯುತ್ತಾರೆ, ಹರಾಜು ಹಾಕುತ್ತಾರೆ, ಆ ದುಡ್ಡಿನಲ್ಲಿ ಮಿಷನ್ ನಡೆಯುತ್ತದೆ. ಬೇರೆಡೆ ಕಾಣದ ವ್ಯವಸ್ಥೆ ಇದು ಅಂತ ನಮಗೆ ಹೆಮ್ಮೆ. ಹೆಮ್ಮೆಪಡಬೇಕಾದದ್ದೇ. ನಮ್ಮತ್ತೆ, ಅಂದರೆ ಕಿಮಿಯ ತಾಯಿ, ಬದುಕಿದ್ದಾಗ ಪಾತ್ರೆಗೆ ಬಿದ್ದ ಅಕ್ಕಿಯಿಂದಲೇ ಹಿಡಿ ತೆಗೆಯುತ್ತಿದ್ದಳು. "ನಾವು ಉಣ್ಣೋದರಲ್ಲಿ ಕಡಿಮೆ ಆಗಬೇಕು ಕಣೋ. ಕಡಿಮೆ ಆಗದೇ ಇದ್ರೆ ಅದು ಕೊಟ್ಟ ಹಾಗಲ್ಲ, ಚೆಲ್ಲಿದ ಹಾಗೆ" ಅನ್ನುತ್ತಿದ್ದಳು.

ಅತ್ತೆ ತೀರಿಕೊಂಡ ಮೇಲೆ ಒಲೆ ಸೊಸೆಯ ಕೈಗೆ ಬಂತು. ಕಿಮಿಯ ತಮ್ಮ ಜುವಾಲಾನ ಹೆಂಡತಿ, ಸಾಂಗ್‌ಪುಯಿ. ಆ ಮನೆಯಲ್ಲಿ ಈಗ ಎರಡು ಅಕ್ಕಿ. ಉಣ್ಣುವುದಕ್ಕೆ ಸಣ್ಣಕ್ಕಿ. ಕೋಳಿಗೆ ಹಾಕುವುದಕ್ಕೆ ರೇಷನ್ ಅಂಗಡಿಯ ನುಸಿ ಹಿಡಿದ ದಪ್ಪಕ್ಕಿ. ದೇವರ ಹಿಡಿ ಯಾವುದರಿಂದ ಹೋಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಆ ಒಬ್ಬಳನ್ನೇ ಬಯ್ದರೆ ಅನ್ಯಾಯವಾದೀತು. ಹರಾಜಿನ ರಾಶಿಯ ಮುಂದೆ ನಿಂತು ನೋಡಿದರೆ ನಮ್ಮ ಓಣಿಯ ಎಷ್ಟು ಮನೆಗಳಲ್ಲಿ ಕೋಳಿಯೂ ದೇವರೂ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಈ ಬರಹಕ್ಕೆ ಕೂರುವ ಮೊದಲು ನಾನು ನನ್ನ ಮನೆಯ ಡಬ್ಬಿಯನ್ನೂ ತೆರೆದು ನೋಡಿದೆ. ಏನಿತ್ತು ಅನ್ನುವುದನ್ನು ನನ್ನ ಹೆಂಡತಿಗೂ ನನಗೂ ಬಿಟ್ಟುಬಿಡಿ.

ಇನ್ನು ಕಿಮಿಯ ಅಪ್ಪ, ಪು ಥಾಂಗ್‌ಖುಮಾ; ಪು ಅಂದರೆ ನಮ್ಮಲ್ಲಿ ಶ್ರೀಯುತರು ಅಂದ ಹಾಗೆ. ನಾನು ಮಾವ ಅನ್ನುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಸಭೆಯ ಹಿರಿಯರು. ಪೀಠದ ಮೇಲೆ ನಿಂತಾಗ "ನನ್ನ ಮಗಳನ್ನು ಕರ್ತನಿಗೆ ಕೊಟ್ಟಿದ್ದೇನೆ" ಅನ್ನುತ್ತಾರೆ, ಕೇಳುವವರ ಕಣ್ಣು ಒದ್ದೆಯಾಗುತ್ತದೆ. ಪೀಠದಿಂದ ಇಳಿದ ಮೇಲೆ ಆ ಮಗಳು ಯಾರ ನಡುವೆ ಇದ್ದಾಳೋ ಆ ಜನರ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ.

ಆರು ವರ್ಷದ ಹಿಂದೆ ಕಿಮಿ ತನ್ನ ಶಾಲೆಯಲ್ಲಿ ಓದಿದ ಖುಮ್‌ರುಂಗ್ ಎಂಬ ಹುಡುಗಿಯನ್ನು ನರ್ಸ್ ತರಬೇತಿಯ ಪರೀಕ್ಷೆಗೆಂದು ಐಜಾಲಿಗೆ ಕರೆತಂದಿದ್ದಳು. ಮೂರು ದಿನ ಮನೆಯಲ್ಲಿ ಉಳಿಸಿಕೊಂಡಳು. ಮಾವ ಆ ಹುಡುಗಿಗೆ ಹಿಂದಿನ ಜಗಲಿಯಲ್ಲಿ, ಕೋಳಿಗೂಡಿನ ಪಕ್ಕ ಊಟ ಹಾಕಿಸಿದರು. ಮೊದಲ ದಿನ ಅವಳು ಉಂಡ ತಟ್ಟೆ ನಾಯಿಯದಾಯಿತು. ಕಿಮಿ ಅದನ್ನು ನೋಡಿದಳು. ಜಗಳವಾಡಲಿಲ್ಲ. ಮೂರನೇ ದಿನ ತಾನೂ ಜಗಲಿಗೆ ಹೋಗಿ ಹುಡುಗಿಯ ಪಕ್ಕ ಕೂತು ಉಂಡಳು. ಅಂದಿನಿಂದ ಅಪ್ಪ ಮಗಳ ನಡುವೆ ಮಾತು ತಮ್ಮನ ಬಾಯಿಂದ ನಡೆಯುತ್ತದೆ. "ಅಪ್ಪ ಚೆನ್ನಾಗಿದ್ದಾರೆ." "ಅಕ್ಕ ಚೆನ್ನಾಗಿದ್ದಾಳೆ." ಅಷ್ಟೇ.

ಹತ್ತನೇ ವರ್ಷ ಅಕ್ಟೋಬರಿನಲ್ಲಿ ಕಿಮಿ ಅಪ್ಪನಿಗೇ ನೇರವಾಗಿ ಕಾಗದ ಬರೆದಳು. ಮಾವನಿಗೆ ಕಣ್ಣು ಸರಿಯಾಗಿ ಕಾಣದು. ಓದಿ ಹೇಳಿದವನು ನಾನು. "ಅಪ್ಪಾ, ಈ ಸಲ ಕ್ರಿಸ್‌ಮಸ್ಸಿಗೆ ಬನ್ನಿ. ಊರವರೇ ಹಬ್ಬದೂಟ ಮಾಡುತ್ತಿದ್ದಾರೆ. ಅವರ ಹಂದಿ, ಅವರ ಹೊಸಕ್ಕಿ. ನೀವು ಅವರ ಪಂಕ್ತಿಯಲ್ಲಿ ಒಂದು ಹೊತ್ತು ಕೂತು ಊಟ ಮಾಡಿದರೆ ಸಾಕು. ಹತ್ತು ವರ್ಷಕ್ಕೆ ನಾನು ಕೇಳುವುದು ಅದೊಂದೇ."

ಮಾವ ಇನ್ನೊಮ್ಮೆ ಓದಿಸಿದರು. ಆಮೇಲೆ "ಹೋಗೋಣ" ಅಂದರು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆ ಗುಡ್ಡಗಳಲ್ಲಿ ನಾಲ್ಕು ವರ್ಷ ರಸ್ತೆ ಕೆಲಸದ ಮೇಸ್ತ್ರಿಯಾಗಿದ್ದ ನನಗೆ ರಿಯಾಂಗ್ ಮಾತು ಬರುತ್ತದೆ. ಹಾಗಾಗಿ ನನ್ನನ್ನೂ ಹತ್ತಿಸಿಕೊಂಡರು.

ಜುವಾಲಾ ಸಭೆಯ ಮಿಷನ್ ಸಮಿತಿಯ ಕಾರ್ಯದರ್ಶಿ. ಹಾಚುಕ್‌ಪಾರಾದ ಖರ್ಚು ನಮ್ಮ ಓಣಿಯ ಸಭೆಯದೇ ಆದ್ದರಿಂದ ಅವನು ಇದನ್ನು ಬರೀ ಮನೆಯ ಪ್ರಯಾಣ ಅಂದುಕೊಳ್ಳಲಿಲ್ಲ. ಹೊಸ ವರ್ಷದ ಮೊದಲ ಭಾನುವಾರ ಸಭೆಯಲ್ಲಿ ತೋರಿಸುವುದಕ್ಕೆ ಒಂದು ಚಿತ್ರ ತೆಗೆಯಬೇಕು. ಅದಕ್ಕೊಂದು ಹೊಸ ಕ್ಯಾಮೆರಾ. ಜೊತೆಗೆ ಹಳೇ ಬಟ್ಟೆಯ ಏಳು ಗಂಟು. ನಾಲ್ಕು ಪ್ಲಾಸ್ಟಿಕ್ ಕುರ್ಚಿ. ತಮ್ಮ ಊಟಕ್ಕೆ ಬಿಸಿ ಆರದ ಡಬ್ಬಿಗಳು, ಕುಡಿಯಲು ಬಾಟಲಿ ನೀರು. ಮತ್ತೆ ಮೂರು ಚೀಲ ಅಕ್ಕಿ. ಸುಮೋ ಮೇಲೆ ಅವನ್ನು ಹೊತ್ತು ಹಾಕಿದವನು ನಾನೇ. ಹೊರುವಾಗಲೇ ಮುಗ್ಗಲು ವಾಸನೆ ಮೂಗಿಗೆ ಬಡಿದಿತ್ತು. ಕೇಳಬಹುದಿತ್ತು. ಕೇಳಲಿಲ್ಲ.

ಡಿಸೆಂಬರ್ ಇಪ್ಪತ್ತಮೂರರ ಸಂಜೆ ಜಂಪುಯಿ ಬೆಟ್ಟದ ಮೇಲೆ, ಬಿಸಿನೀರು ಸಿಗುವ ಒಂದು ತಂಗುಮನೆಯಲ್ಲಿ ಮಾವ, ಜುವಾಲಾ, ಸಾಂಗ್‌ಪುಯಿ ಇಳಿದುಕೊಂಡರು. ಹಾಚುಕ್‌ಪಾರಾ ಅಲ್ಲಿಂದ ಒಂದೂವರೆ ಗಂಟೆ ಇಳಿಜಾರು. ಕಿಮಿ ಅಪ್ಪನಿಗೆಂದು ಹೊಸ ಚಾಪೆ ನೇಯಿಸಿ, ಕಂಬಳಿ ಬಿಸಿಲಿಗೆ ಹಾಕಿ, ಒಲೆಯ ಹತ್ತಿರವೇ ಹಾಸಿಗೆ ಮಾಡಿ ಕಾದಿದ್ದಳಂತೆ. ನಾನೊಬ್ಬನೇ ಮುಂದೆ ಹೋಗಿ ಆ ಚಾಪೆಯ ಮೇಲೆ ಮಲಗಿದೆ.

"ಅಪ್ಪ?" ಅಂದಳು.

"ನಾಳೆ ಬರ್ತಾರೆ. ಬೆನ್ನು ನೋವಂತೆ."

"ಬೆನ್ನು ನೋವಾದರೆ ಪರವಾಗಿಲ್ಲ," ಅಂದಳು. "ನಾಡಿದ್ದು ಕೂತು ಊಟ ಮಾಡೋದಕ್ಕೆ ಬೆನ್ನು ಬೇಕಿಲ್ಲ."

ಇಪ್ಪತ್ತನಾಲ್ಕರ ಬೆಳಿಗ್ಗೆ ಅವರು ಇಳಿದು ಬಂದರು. ಊರವರು ದಾರಿಯ ಎರಡೂ ಬದಿ ನಿಂತು ಹಾಡು ಹೇಳಿದರು. ಊರ ಮುಖ್ಯಸ್ಥ ಹಾಮ್‌ಜಯ್, ಅರವತ್ತರ ಒಣಕಲು ಮನುಷ್ಯ, ಹರಕು ಕೋಟಿನ ಮೇಲೆ ಬಿಳಿ ಶಾಲು ಹೊದ್ದು ಬಂದು ಮಾವನ ಕೈ ಹಿಡಿದ. ಮಾವ ಕೈ ಕೊಟ್ಟರು. ಕೊಟ್ಟ ಕೈಯನ್ನು ಆಮೇಲೆ ಮೈಗೆ ತಾಗದಂತೆ ದೂರ ಹಿಡಿದುಕೊಂಡೇ ನಡೆದರು. ಸಾಂಗ್‌ಪುಯಿ ಚೀಲದಿಂದ ಸ್ಯಾನಿಟೈಸರ್ ತೆಗೆದು ಅದರ ಮೇಲೆ ಸುರಿದಳು. ಹಾಮ್‌ಜಯ್ ನೋಡಿದ. ಅದೇನು ನೀರೋ ಎಂದು ತನ್ನ ಕೈಯನ್ನೂ ಮುಂದೆ ಚಾಚಿದ. ಅವಳಿಗೆ ಸುರಿಯದೆ ವಿಧಿಯಿರಲಿಲ್ಲ.

ಜುವಾಲಾ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದ. "ಏನಕ್ಕ, ನೀನೂ ಇವರ ಬಣ್ಣಕ್ಕೇ ಬಂದುಬಿಟ್ಟಿದ್ದೀಯಲ್ಲ. ಯಾರು ಟೀಚರು ಯಾರು ಊರವರು ಅಂತ ಕ್ಯಾಮೆರಾಗೆ ಗೊತ್ತಾಗಲ್ಲ."

"ನಿನಗೆ ಗೊತ್ತಾದರೆ ಸಾಕು ಬಿಡು," ಅಂದಳು ಕಿಮಿ.

ಬಟ್ಟೆ ಹಂಚುವುದು ಶುರುವಾಯಿತು. ಸಾಲು ನಿಲ್ಲಿಸಿದರು. ಒಬ್ಬೊಬ್ಬರೂ ಬಂದು ಬಟ್ಟೆ ತೆಗೆದುಕೊಂಡು, ಕ್ಯಾಮೆರಾ ನೋಡಿ, ನಮ್ಮ ಭಾಷೆಯಲ್ಲಿ "ಕಾ ಲಾಮ್ ಎ", ಉಪಕಾರವಾಯಿತು, ಅನ್ನಬೇಕು. ಸರಿಯಾಗಿ ಹೇಳದವರನ್ನು ಮತ್ತೆ ಸಾಲಿನ ಹಿಂದಕ್ಕೆ ಕಳಿಸಿ ಮತ್ತೊಮ್ಮೆ ತೆಗೆದರು. ಎಪ್ಪತ್ತು ದಾಟಿದ ಒಬ್ಬ ಮುದುಕಿಗೆ ಹೊಳೆಯುವ ಚುಕ್ಕಿಗಳ ಕುಣಿತದ ಲಂಗ ಸಿಕ್ಕಿತು. ಒಬ್ಬನಿಗೆ ಎಡಗಾಲಿನ ಶೂ ಮಾತ್ರ. ಬಲಗಾಲಿನದು ಐಜಾಲಿನಲ್ಲೇ ಉಳಿದಿರಬೇಕು. ಒಬ್ಬ ಹೆಂಗಸು ದಪ್ಪ ಜಾಕೆಟ್ಟಿನ ಜೇಬಿಗೆ ಕೈ ಹಾಕಿದಳು, ಯಾರೋ ಸಿಂಬಳ ಒರೆಸಿ ಮಡಿಸಿಟ್ಟ ಕರವಸ್ತ್ರ ಹೊರಗೆ ಬಂತು. ಅವಳು ಅದನ್ನು ಮತ್ತೆ ಜೇಬಿನೊಳಗೇ ಇಟ್ಟು, ಕ್ಯಾಮೆರಾ ಕಡೆ ತಿರುಗಿ, "ಕಾ ಲಾಮ್ ಎ" ಅಂದಳು. ಪ್ರತಿ ಬಟ್ಟೆ ಕೊಟ್ಟ ಮೇಲೂ ಸಾಂಗ್‌ಪುಯಿ ಕೈಗೆ ಸ್ಯಾನಿಟೈಸರ್ ತೀಡಿಕೊಳ್ಳುತ್ತಿದ್ದಳು. ಕೊಡುತ್ತಿದ್ದದ್ದು ಇವಳ ಮನೆಯ ಕೊಳೆ, ತೊಳೆಯುತ್ತಿದ್ದದ್ದು ಅವರ ಬೆರಳು ತಾಗಿದ್ದನ್ನು.

ಆಮೇಲೆ ಚೀಲಗಳನ್ನು ಇಳಿಸಿದರು. ಅಡಿಗೆ ಚಪ್ಪರದ ಹಿಂದೆ ಕಿಮಿ ಒಂದರ ಬಾಯಿ ಬಿಚ್ಚಿ ಕೈ ಹಾಕಿದಳು. ಬೆರಳಿಗೆ ಬಲೆ ಸುತ್ತಿಕೊಂಡು ಬಂತು. ಕಪ್ಪು ಹುಳುಗಳು ಮಣಿಕಟ್ಟಿನವರೆಗೆ ಹತ್ತಿದವು. ದಪ್ಪಕ್ಕಿ, ನುಚ್ಚು, ಹಳದಿ ತಿರುಗಿದ್ದು, ಅಂಟಕ್ಕಿ, ಎಲ್ಲ ಕಲಸಿಹೋಗಿತ್ತು. ಹಿಡಿಯಕ್ಕಿಯನ್ನು ಗುರುತಿಸಲು ನಮ್ಮವರಿಗೆ ಕಣ್ಣೇ ಬೇಡ. ನೂರು ಮನೆಯ ಅಕ್ಕಿ ಒಂದೇ ಚೀಲದಲ್ಲಿದ್ದರೆ ಕೈಗೆ ಗೊತ್ತಾಗುತ್ತದೆ.

"ಜುವಾಲಾ, ಇದು ಯಾವ ಅಕ್ಕಿ?"

"ಹಿಡಿಯಕ್ಕಿ ಅಕ್ಕ. ನಿನ್ನ ಮಿಷನ್ನಿಗೆ ಅಂತಲೇ ಅಲ್ವಾ ಕೊಡೋದು. ನೇರ ನಿನ್ನ ಬಾಗಿಲಿಗೇ ತಂದೆವು."

"ಹರಾಜಿಗೆ ಹೋಗಲಿಲ್ವಾ?"

"ಹೋಯಿತು. ಯಾರೂ ಕೂಗಲಿಲ್ಲ. ಹಂದಿ ಸಾಕೋರು ಕೂಡ ಬೇಡ ಅಂದರು. ಸುಮ್ಮನೆ ಕೊಳೆಸೋದ್ಯಾಕೆ ಅಂತ."

"ಹಂದಿಗೆ ಬೇಡವಾದದ್ದನ್ನ ಹಬ್ಬಕ್ಕೆ ತಂದೆಯಾ."

"ಅಯ್ಯೋ ಅಕ್ಕ, ತೊಳೆದು ಬೇಯಿಸಿದರೆ ಅನ್ನ ಅನ್ನವೇ. ಇವರಿಗೇನು ಗೊತ್ತಾಗುತ್ತೆ."

ಕಿಮಿ ಕೈ ಕೊಡವಿದಳು. ಚೀಲವನ್ನು ಎಳೆದು ಹಂದಿಗೂಡಿನ ಕಡೆ ಎರಡು ಹೆಜ್ಜೆ ಹಾಕಿದಳು ಕೂಡ. ಅಷ್ಟರಲ್ಲಿ ಜುವಾಲಾ ಮೆಲ್ಲಗೆ ಒಂದು ಮಾತು ಅಂದ. "ಚೆಲ್ಲು ಬೇಕಾದರೆ. ಅಪ್ಪನ ಮುಂದೆ, ಊರವರ ಮುಂದೆ ಚೆಲ್ಲು. ಆಮೇಲೆ ಅಪ್ಪ ನಾಳೆ ನಿನ್ನ ಪಂಕ್ತಿಗೆ ಬಂದು ಕೂರ್ತಾರಾ ನೋಡ್ಕೋ. ಅವರನ್ನ ಇಲ್ಲಿತನಕ ಒಪ್ಪಿಸಿ ತಂದದ್ದು ಎಷ್ಟು ಕಷ್ಟ ಅಂತ ನನಗೆ ಗೊತ್ತು."

ಕಿಮಿ ನಿಂತಳು. ಆ ಹೊತ್ತಿಗೆ ಹಾಮ್‌ಜಯ್ ಅಲ್ಲಿಗೆ ಬಂದ. ಚೀಲಗಳನ್ನು ನೋಡಿ ಕೈ ಜೋಡಿಸಿದ. ಅವನ ಮಾತನ್ನು ನಾನೇ ಜುವಾಲಾನಿಗೆ ತಿರುಗಿಸಿ ಹೇಳಿದೆ: "ನೆಂಟರು ತಂದ ಅಕ್ಕಿಯನ್ನ ನಾವು ಉಣ್ಣಬೇಕು, ನಾವು ಬೆಳೆದ ಅಕ್ಕಿಯನ್ನ ನೆಂಟರು ಉಣ್ಣಬೇಕು. ನಮ್ಮಲ್ಲಿ ಹಾಗೆ. ನಾಳೆ ಹಾಗೇ ಮಾಡ್ತೀವಿ."

ಜುವಾಲಾನ ಮುಖ ಅರಳಿತು. "ಕೇಳಿದೆಯಾ ಅಕ್ಕ. ಚಿತ್ರದಲ್ಲಿ ಎಷ್ಟು ಚೆನ್ನಾಗಿ ಬರುತ್ತೆ."

ಕಿಮಿ ಹಾಮ್‌ಜಯ್‌ಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅವಳು ಒಳ್ಳೆಯವಳು ಎಂದು ಹೇಳುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಆ ಗಳಿಗೆಯಲ್ಲಿ ಅವಳು ತಕ್ಕಡಿ ಹಿಡಿದಳು. ಒಂದು ತಟ್ಟೆಯಲ್ಲಿ ನಲವತ್ತು ಮನೆಯ ಹೊಟ್ಟೆ, ಇನ್ನೊಂದರಲ್ಲಿ ಅಪ್ಪನ ಒಂದು ತುತ್ತು. ಅಪ್ಪನ ತುತ್ತು ತೂಗಿತು. ನಾನೂ ಪಕ್ಕದಲ್ಲೇ ಇದ್ದೆ, ಎರಡೂ ಭಾಷೆ ಬಲ್ಲವನು. ನನ್ನ ಬಾಯಿಗೇನಾಗಿತ್ತು?

ಆ ಮಧ್ಯಾಹ್ನವೆಲ್ಲ ಹೆಂಗಸರು ಹೊಳೆಯಲ್ಲಿ ಆ ಅಕ್ಕಿ ತೊಳೆದರು. ಮೊರದಲ್ಲಿ ಕೇರಿದರು, ಹುಳ ಆರಿಸಿದರು, ಮತ್ತೆ ತೊಳೆದರು. ಅವರ ಮುಂದಾಳು ಖುಮ್‌ರುಂಗ್. ಅವಳು ಈಗ ನರ್ಸ್, ಹಬ್ಬಕ್ಕೆಂದು ರಜೆ ಹಾಕಿ ಊರಿಗೆ ಬಂದಿದ್ದಳು. ಕಿಮಿ ಹೊಳೆಗೆ ಹೋದಾಗ ತಲೆಯೆತ್ತದೆ, "ಮೂರು ಸಲ ತೊಳೆದೆವು ಟೀಚರಮ್ಮ. ಇನ್ನೊಂದು ಸಲ ತೊಳೀತೀವಿ" ಅಂದಳು. ಬೇರೇನೂ ಅನ್ನಲಿಲ್ಲ. ಕಿಮಿ ಲುಂಗಿಯಂಥ ತನ್ನ ಉಡುಗೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ನೀರಿಗಿಳಿದು ತಾನೂ ತೊಳೆಯತೊಡಗಿದಳು.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಆರಾಧನೆ. ಮಾವ ಪ್ರಾರ್ಥನೆ ಮಾಡಿದರು. ಮೊಣಕಾಲೂರಿ, ಹದಿನೈದು ನಿಮಿಷ. ನಾನು ಗಡಿಯಾರ ನೋಡಿದ್ದೇನೆ. "ಕತ್ತಲಲ್ಲಿದ್ದ ಈ ಜನರನ್ನು ನಮ್ಮೊಂದಿಗೆ ಒಂದೇ ಮೇಜಿನಲ್ಲಿ ಕೂರಿಸಿದ ಕರ್ತನೇ" ಅಂದರು. ಇದನ್ನು ರಿಯಾಂಗ್ ಭಾಷೆಗೆ ತಿರುಗಿಸುವಾಗ ಕತ್ತಲು ಅನ್ನುವುದನ್ನು ನಾನು ಬಿಟ್ಟೆ.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಬಾಳೆ ಎಲೆಯ ಸಾಲು. ಕಳಲೆ ಹಾಕಿದ ಹಂದಿ ಮಾಂಸ, ಒಣಮೀನಿನ ಚಟ್ನಿ, ಸಾಸಿವೆ ಸೊಪ್ಪು. ಊರವರ ಎಲೆಗಳ ಮೇಲೆ ನಾವು ತಂದ ಅನ್ನ, ಹಳದಿ, ಕೆಲವು ಅಗುಳು ಬೆಂದು ಮುದ್ದೆ, ಕೆಲವು ಬೇಯದೆ ಗಟ್ಟಿ. ನಡುವೆ ನೆಂಟರಿಗೆಂದು ನಾಲ್ಕು ಎಲೆ. ಅವುಗಳ ಮೇಲೆ ಕುಮರಿ ಹೊಲದ ಹೊಸಕ್ಕಿ ಅನ್ನ, ಹಬೆಯಾಡುತ್ತಿತ್ತು. ಆ ಅಕ್ಕಿಯನ್ನು ಹೆಂಗಸರು ವಾರವಿಡೀ ಒನಕೆಯಲ್ಲಿ ಕುಟ್ಟಿದ್ದರು. ಅದರ ಘಮ ಅಂಗಳದಾಚೆಗೂ ಬರುತ್ತಿತ್ತು. ಹಾಮ್‌ಜಯ್‌ನ ಪಕ್ಕದ ಎಲೆ ಮಾವನಿಗೆ. ಅದರ ಇನ್ನೊಂದು ಪಕ್ಕ ಕಿಮಿ.

ಜುವಾಲಾ ಮತ್ತು ಅವನ ಹೆಂಡತಿ ಅಷ್ಟರಲ್ಲಿ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿ ಡಬ್ಬಿ ಬಿಚ್ಚಿದ್ದರು. ಬೆಟ್ಟದ ಮೇಲಿನ ತಂಗುಮನೆಯಲ್ಲಿ ಮಾಡಿಸಿ ತಂದ ಕೋಳಿ ಸಾರು. ಮಾವ ಅವರ ನಡುವಿನ ಕುರ್ಚಿಯಲ್ಲಿ ಕೂತಿದ್ದರು.

ಕಿಮಿ ಎದ್ದು ಹೋದಳು. "ಅಪ್ಪಾ, ಎಲೆ ಹಾಕಿದೆ."

"ಮೊಣಕಾಲು ನೋವು ಮಗಳೇ. ನೆಲದ ಮೇಲೆ ಕೂರೋಕಾಗಲ್ಲ."

ಒಂದು ಗಂಟೆ ಮೊದಲು ಹದಿನೈದು ನಿಮಿಷ ಊರಿದ್ದ ಮೊಣಕಾಲು.

"ಕುರ್ಚಿ ತಂದು ಪಂಕ್ತಿಯಲ್ಲೇ ಹಾಕ್ತೀನಿ. ಎಲೆಯನ್ನ ಮಡಿಲಲ್ಲಿ ಇಟ್ಕೊಳ್ಳಿ."

"ಮಾವನಿಗೆ ಸಕ್ಕರೆ ಕಾಯಿಲೆ ಅಕ್ಕ. ಹೊರಗಿನದು ಒಗ್ಗಲ್ಲ," ಅಂದಳು ಸಾಂಗ್‌ಪುಯಿ.

ಊಟ ನಿಂತಿತ್ತು. ನೆಂಟರ ತುತ್ತು ಬಾಯಿಗೆ ಹೋಗದೆ ಆ ಊರಿನಲ್ಲಿ ಯಾರೂ ಎಲೆಗೆ ಕೈ ಹಚ್ಚುವುದಿಲ್ಲ. ನೂರೈವತ್ತು ಜನ ಅನ್ನದ ಮುಂದೆ ಕೈ ಕಟ್ಟಿ ಕೂತು ಮರದ ಕೆಳಗಿನ ಕುರ್ಚಿಯನ್ನು ನೋಡುತ್ತಿದ್ದರು.

ಆಗ ಖುಮ್‌ರುಂಗ್ ಎದ್ದಳು. ಮಾವನಿಗೆಂದು ಬಡಿಸಿದ್ದ ಎಲೆಯಲ್ಲಿ ಅನ್ನವನ್ನೂ ಮಾಂಸವನ್ನೂ ಸೇರಿಸಿ, ಬಿದಿರಿನ ಸಿಬಿರಿನಿಂದ ಅಚ್ಚುಕಟ್ಟಾಗಿ ಕಟ್ಟಿ, ತಂದು ಎರಡೂ ಕೈಯಲ್ಲಿ ಹಿಡಿದು ನಿಂತಳು. ನಮ್ಮದೇ ಭಾಷೆಯಲ್ಲಿ ಹೇಳಿದಳು. "ತಾತ, ಇಲ್ಲಿ ಕೂರೋಕಾಗದಿದ್ದರೆ ದಾರಿಯಲ್ಲಿ ಉಣ್ಣಿ. ನಿಮ್ಮ ಮನೆ ಅನ್ನ ನಾನು ಮೂರು ದಿನ ಉಂಡಿದ್ದೀನಿ."

ಮಾವ ಅವಳನ್ನು ಗುರುತಿಸಿದರೋ ಇಲ್ಲವೋ. ಎದ್ದು ನಿಂತು ಎರಡೂ ಕೈಯಿಂದ ಪೊಟ್ಟಣ ತೆಗೆದುಕೊಂಡರು. ಜುವಾಲಾನ ಕ್ಯಾಮೆರಾ ಅಲ್ಲೇ ಇತ್ತು. "ಉಣ್ತೀನಿ. ದಾರಿಯಲ್ಲಿ ಉಣ್ತೀನಿ," ಅಂದರು.

ಕಿಮಿಯ ಮುಖವನ್ನು ನೀವು ನೋಡಬೇಕಿತ್ತು. ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯುವುದನ್ನೂ ಮರೆತಳು. ಓಡಿಹೋಗಿ ಪಂಕ್ತಿಯಲ್ಲಿ ಕೂತು, ನಾವು ತಂದ ಆ ಹಳದಿ ಅನ್ನವನ್ನೇ ತನ್ನ ಎಲೆಗೆ ಹಾಕಿಸಿಕೊಂಡು ಗಬಗಬ ಉಂಡಳು. ಊರವರೂ ಉಂಡರು. ನಾನು ಹೊಸಕ್ಕಿ ಅನ್ನ ಉಂಡೆ. ಅಂಥ ಅನ್ನ ನಾನು ಎಂದೂ ಉಂಡಿಲ್ಲ, ಆದರೂ ಎರಡನೇ ಸಲ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದೆ. ಜುವಾಲಾ ಎಲೆ ಎಲೆಯ ಮೇಲೂ ಕ್ಯಾಮೆರಾ ಬಗ್ಗಿಸಿ, "ನೋಡಿ, ನಿಮ್ಮ ಹಿಡಿಯಕ್ಕಿ" ಎಂದು ಹೇಳಿಕೊಂಡು ಹೋದ.

ಮೂರು ಗಂಟೆಗೆ ಹೊರಟೆವು. ಕಿಮಿ ಸುಮೋ ಕಿಟಕಿಗೆ ಬಂದು ಅಪ್ಪನ ಮಡಿಲ ಪೊಟ್ಟಣವನ್ನು ಮುಟ್ಟಿ ನೋಡಿ, "ಪೂರ್ತಿ ಆರುವ ಮೊದಲೇ ಉಣ್ಣಿ ಅಪ್ಪಾ" ಅಂದಳು. ನನಗೆ, "ಉಂಡಮೇಲೆ ಫೋನ್ ಮಾಡೋ ದಿಂಗಾ" ಅಂದಳು.

ಊರು ದಾಟಿ ಎರಡು ತಿರುವು. ಹೊಳೆಯ ಮೇಲಿನ ಮರದ ಸೇತುವೆ. ಮಾವ ಗಾಜು ಇಳಿಸಿದರು. ಪೊಟ್ಟಣವನ್ನು ಎರಡು ಬೆರಳಿನಲ್ಲಿ ಹಿಡಿದು ಹೊರಗೆ ಬಿಟ್ಟರು. ಕೋಪದಿಂದಲ್ಲ. ಸೀನಿ ಕೈ ಒರೆಸಿಕೊಂಡ ಹಾಗೆ. ಗಾಜು ಏರಿಸಿ, ಸೊಸೆಯ ಕಡೆ ಕೈ ಚಾಚಿದರು. ಅವಳು ಬಾಟಲಿಯಿಂದ ಸುರಿದಳು. ಗಾಡಿಯೊಳಗೆ ಆಸ್ಪತ್ರೆ ವಾಸನೆ ತುಂಬಿತು. ಸ್ವಲ್ಪ ಹೊತ್ತಿಗೆ ಅವರು ಹಬ್ಬದ ಹಾಡೊಂದನ್ನು ಗುನುಗಲು ಶುರು ಮಾಡಿದರು. ದೊಡ್ಡ ಕಂಠ ಅವರದು, ಈಗಲೂ.

ನಾನು ಫೋನ್ ಮಾಡಲಿಲ್ಲ. ಕಿಮಿಯೇ ಎರಡು ಸಲ ಮಾಡಿದಳು. ಎತ್ತಲಿಲ್ಲ.

ಹೊಸ ವರ್ಷದ ಮೊದಲ ಭಾನುವಾರ ಸಭೆಯಲ್ಲಿ ಚಿತ್ರ ತೋರಿಸಿದರು. ಜನ ತುಂಬಿದ್ದರು. ಸಾಲಿನಲ್ಲಿ ನಿಂತು ಉಪಕಾರ ಹೇಳುವ ಮುಖಗಳು. ಹಿಡಿಯಕ್ಕಿ ಅನ್ನ ಉಣ್ಣುವ ಕೈಗಳು. ಕೊನೆಗೆ ಮಾವ ಎರಡೂ ಕೈಯಿಂದ ಪೊಟ್ಟಣ ತೆಗೆದುಕೊಳ್ಳುವುದು. ಅಲ್ಲಿ ಚಿತ್ರ ನಿಲ್ಲಿಸಿ ಜುವಾಲಾನ ಧ್ವನಿ: "ನಮ್ಮ ಹಿರಿಯರು ಅವರೊಂದಿಗೆ ಅನ್ನ ಹಂಚಿಕೊಂಡರು." ಹೆಂಗಸರು ಕಣ್ಣೊರೆಸಿಕೊಂಡರು. ಮಾವ ಮೊದಲ ಸಾಲಿನಲ್ಲಿ ತಲೆ ಬಗ್ಗಿಸಿ ಕೂತಿದ್ದರು. ನಾಚಿಕೆಯಿಂದ ಇರಬಹುದು ಎಂದು ಒಂದು ಗಳಿಗೆ ಆಸೆಪಟ್ಟೆ. ಪಕ್ಕದವರು ಬೆನ್ನು ತಟ್ಟಿದಾಗ ಅವರು ಮುಖವೆತ್ತಿದರು. ತೃಪ್ತಿ.

ಹೊರಗೆ ಬಂದು ಅಲ್ಲೇ ಮೆಟ್ಟಿಲ ಮೇಲೆ ನಿಂತು ಕಿಮಿಗೆ ಫೋನ್ ಮಾಡಿದೆ. ಹೇಳಿದೆ.

"ಎಲ್ಲಿ ಎಸೆದರು?"

"ಸೇತುವೆ ಹತ್ತಿರ."

"ಇಲ್ಲಿಂದ ಅರ್ಧ ಮೈಲಿ," ಅಂದಳು. "ಅರ್ಧ ಮೈಲಿ ಕೂಡ ಇಟ್ಟುಕೊಳ್ಳಲಿಲ್ಲ."

ಮುಂದಿನ ಭಾನುವಾರ ಹಾಚುಕ್‌ಪಾರಾದಲ್ಲಿ ನಡೆದದ್ದನ್ನು ಖುಮ್‌ರುಂಗ್ ನನಗೆ ಹೇಳಿದಳು. ಆರಾಧನೆ ಮುಗಿದ ಮೇಲೆ ಕಿಮಿ ಎಲ್ಲರನ್ನೂ ಕೂರಿಸಿಕೊಂಡಳಂತೆ. ಆ ಅಕ್ಕಿ ಯಾವುದು, ಎಲ್ಲಿ ಯಾರೂ ಕೊಳ್ಳದೆ ಉಳಿದದ್ದು, ಪೊಟ್ಟಣ ಎಲ್ಲಿ ಬಿತ್ತು, ತನಗೆ ಮೊದಲೇ ಗೊತ್ತಿದ್ದೂ ಯಾಕೆ ಬಾಯಿ ಮುಚ್ಚಿಕೊಂಡಿದ್ದಳು, ಎಲ್ಲವನ್ನೂ ಹೇಳಿದಳಂತೆ. ಅಪ್ಪ ಒಂದು ತುತ್ತು ಉಣ್ಣಲಿ ಎಂದು ನಿಮಗೆಲ್ಲ ಹುಳದ ಅನ್ನ ಉಣ್ಣಿಸಿದೆ, ನಾನು ಇಲ್ಲಿ ಇನ್ನು ಪಾಠ ಹೇಳಲು ಯೋಗ್ಯಳಲ್ಲ, ಅಂದಳಂತೆ.

ಹಾಮ್‌ಜಯ್ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಹೇಳಿದನಂತೆ. "ಅಕ್ಕಿ ತೊಳೆದವರು ನಾವಲ್ಲವಾ ಟೀಚರಮ್ಮ. ಗುಡ್ಡದಲ್ಲಿ ಹುಟ್ಟಿದವರಿಗೆ ಅಕ್ಕಿ ಗೊತ್ತಾಗಲ್ವಾ. ರಾತ್ರಿ ಕೂತು ಮಾತಾಡಿಕೊಂಡೆವು. ಬೇಡ ಅಂದರೆ ನಿಮ್ಮಪ್ಪ ಎದ್ದು ಹೋಗ್ತಾರೆ, ನೀವು ಅಳ್ತೀರಿ. ಒಂದು ಹೊತ್ತು ತಾನೇ, ಉಂಡುಬಿಡೋಣ ಅಂದುಕೊಂಡೆವು. ಅವರು ಕೂರಲಿ ಅಂತ ನಾವೂ ಉಂಡದ್ದು."

ಒಬ್ಬ ಮುದುಕಿ, ಚುಕ್ಕಿ ಲಂಗ ಸಿಕ್ಕಿದವಳೇ ಇರಬೇಕು, "ಬರುವ ವರ್ಷ ಮತ್ತೆ ಕರೆಯಿರಿ. ಮೊಣಕಾಲು ವಾಸಿಯಾಗಿರುತ್ತೆ" ಅಂದಳಂತೆ. ಎಲ್ಲರೂ ನಕ್ಕರಂತೆ. ಕಿಮಿ ನಗಲಿಲ್ಲವಂತೆ.

ಫೆಬ್ರವರಿಯಲ್ಲಿ ಮಾವನಿಗೆ ಕಾಗದ ಬಂತು. ಓದಲು ನನ್ನನ್ನೇ ಕರೆದರು. ಹೊಸ ಕುರ್ಚಿಯಲ್ಲಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ನಾನು ಓದಿದೆ:

"ಅಪ್ಪಾ, ಪೊಟ್ಟಣ ಎಲ್ಲಿ ಬಿತ್ತು ಎಂದು ನನಗೆ ಗೊತ್ತು. ಊರವರಿಗೂ ಗೊತ್ತು. ಆದರೂ ಬರುವ ಕ್ರಿಸ್‌ಮಸ್ಸಿಗೆ ನಿಮ್ಮನ್ನು ಮತ್ತೆ ಕರೆಯಬೇಕು ಅನ್ನುತ್ತಾರೆ. ಬೇಡ ಅಂದವಳು ನಾನು."

ಅಷ್ಟೇ ಇತ್ತು. ನಾನು ಕಾಗದ ಮಡಿಸಿದೆ. ಮಾವ ಅದನ್ನು ಕೈಚಾಚಿ ತೆಗೆದುಕೊಂಡರು, ಕಾಣದ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ಜೇಬಿನೊಳಗಿಟ್ಟರು. ಏನಾದರೂ ಹೇಳುತ್ತಾರೆ ಎಂದು ಕಾದೆ.

"ದಿಂಗಾ, ಸಭೆಯಲ್ಲಿ ಇದು ಯಾರಿಗಾದರೂ ಗೊತ್ತಾ?" ಅಂದರು.

"ಇಲ್ಲ ಮಾವ," ಅಂದೆ. "ಇನ್ನೂ ಇಲ್ಲ."